ಮೆದುಳಿನ ಕಾಜಾ

...ಇಲ್ಲೋ ಸಮದ್, ನಿನ್ನ ಹೊರಗ ಕುಂದರಿಸಿ ಡಾಕ್ಟರು ನನ್ನೊಬ್ಬನ್ನ ಒಳಗ ಕರದದ್ದು ಬ್ಯಾರೆ ಏನಕ್ಕೂ ಅಲ್ಲ. ಗುಳಿಗಿ ಹೆಂಗ ನುಂಗಬೇಕು ಅಂತ ಹೇಳಾಕ. ಬಸ್ಸಿಗೆ ಇನ್ನೂ ಹೊತ್ತೈತಿ, ನೀ ಚಾ ಕುಡಿ. ಬಸಿ ನಾ ಹಿಡಕೊಂತೀನಿ, ಕೈ ಬಿಡು.

ಕೇಳು, ಭಾರಿ ಚಂದ ಹೇಳಿದ್ರು. ಮೆದುಳಿನ್ಯಾಗ ನರಕೋಶ ಅಂತ ಕೋಟಿಗಟ್ಲೆ ಇರ್ತಾವ. ಒಂದೊಂದರ ಮೈಮ್ಯಾಲೂ ಪ್ರೋಟೀನಿಂದು ಕಾಜಾ, ನೀ ಅಂಗಿಗೆ ಹೊಲಿಯೋ ಗುಂಡಿ ತೂತಿನಂಗ. ಕಾಜಾ ಅಂತ ಅವರು ಅನ್ನಲಿಲ್ಲ, ಇಂಗ್ಲೀಷಿನ್ಯಾಗ ಏನೋ ಅಂದ್ರು. ಮೂರನೇತ್ತೆಗೇ ಸಾಲಿ ಬಿಟ್ಟಾವ ನಾ, ನನ್ನ ಬಾಯಾಗ ಅದು ಕಾಜಾ ಆತು. ಈಚೀ ಕೋಶ ಒಂದು ರಸ ಬಿಡತೈತಿ, ಅದು ಗುಂಡಿ. ಆಚೀ ಕೋಶದ ಕಾಜಾದಾಗ ಅದು ಸರಿಯಾಗಿ ಕುಂತ್ರ ಕೈ ಹೇಳಿದಂಗ ಕೇಳತೈತಿ. ಒಂದರ ಗುಂಡಿ ಇನ್ನೊಂದರ ಕಾಜಾಕ್ಕ ಹೊಂದಂಗಿಲ್ಲ ಮತ್ತ. ನಿನ್ನವು ಕಾಜಾ ಅದಾವ. ಗುಂಡಿ ಮಾಡೋ ಕೋಶನ... ಕಡಿಮಿ ಆಗ್ಯಾವ. ಗುಳಿಗಿ ಅಂದ್ರ ಗುಂಡಿ ಮಾಡಾಕ ಕಚ್ಚಾ ಮಾಲು.

ಏನು? ಮಾಡೋರ ಇಲ್ಲಂದ್ರ ಮಾಲು ತಗೊಂಡು ಏನು ಮಾಡ್ಲಿ ಅಂತೀಯಾ? ಹಂಗ ಯಾಕ ನೋಡ್ತಿ?

ನಿನ್ನ ಮಾರಿ ಈಗೀಗ ನಗಂಗಿಲ್ಲ, ಸಿಟ್ಟಾಗಂಗಿಲ್ಲ, ಗ್ವಾಡಿ ಆಗೇತಿ. ಸಿರುಗುಪ್ಪಿ ಬಜಾರದಾಗ ನಿನ್ನಂಥ ಬಾಯಿಬಡಕ ದರ್ಜಿ ಇನ್ನೊಬ್ಬ ಇದ್ದಿಲ್ಲ. ಕೆಲಸಕ್ಕಂತ ಲಾರಿ ಹತ್ತಿ ನಾ ಎಲ್ಲೆಲ್ಲೋ ತಿರುಗಿ ಬಂದ್ರ, 'ಬಂದ್ಯಾ ಮರಿಬಸ್ಯಾ, ಈ ಸಲ ಯಾರು ಹೊರಗ ಹಾಕಿದ್ರು?' ಅಂತಿದ್ದಿ. ಅದನ್ನ ಕೇಳಿದ ಮ್ಯಾಲೇ ಊರಿಗೆ ಬಂದಂಗ ಅನಸ್ತಿತ್ತು.

ನಿನ್ನ ಮಗಳು ಮದಾರಬೀ ಲಗ್ನದ ಬಟ್ಟಿ ನೀನ ಹೊಲೀತಿ. ಡಾಕ್ಟರ ಅಂದ್ರು. ಬಕ್ರೀದ್ ಹೊತ್ತಿಗೆ ಸೂಜಿಗೆ ದಾರ ನೀನ ಪೋಣಿಸ್ತಿ. ಹ್ಞೂಂ, ಹಂಗ ಅಂದ್ರು.

ಯಾಕ, ಕೈ ನಡಗೋದು ಜಾಸ್ತಿ ಆತಲ್ಲ... ಕುಂದರು, ಬಸ್ಸು ಇನ್ನೂ ಬಂದಿಲ್ಲ. ನನ್ನ ಎದಿ ಕಡೆ ಬಟ್ಟು ಮಾಡ್ತೀಯಲ್ಲ, ಏನೈತಿ? ನೀನ ಹೊಲಿದ ಟೆರಿಕಾಟ್ ಅಂಗಿ.

ಓ. ಗುಂಡಿ ತಪ್ಪಿ ಹಾಕೀನಿ. ಒಂದು ಕಾಜಾ ಮ್ಯಾಲೆ ಹೋಗೇತಿ. ಡಾಕ್ಟರ ಕೋಣಿಯಿಂದ ಹೊರಗ ಬಂದು, ಆಸ್ಪತ್ರಿ ಹಿಂದಿನ ನಳದಾಗ ಅಂಗಿ ಬಿಚ್ಚಿ ಮಾರಿ ತೊಳಕೊಂಡೆ. ಬಳ್ಳಾರಿ ಬಿಸಲು ಗೊತ್ತಲ್ಲ ನಿನಗ...

ಕಣ್ಣು ಕೆಂಪಾಗಿದ್ದು ಬಿಸಲಿಗೆ ಲೇ, ಬಿಸಲಿಗೆ.

ಹಂಗ ನೋಡಬ್ಯಾಡೋ ಸಮದ್. ಬೈಯಿ. ಏನರ ಒಂದು ಬೈಯಿ.

...ಡಾಕ್ಟರು ಹಂಗ ಅನ್ನಲಿಲ್ಲೋ. ಲಗ್ನದ ಬಟ್ಟಿ ಮಾತು ನಾನ ಸೇರಿಸಿದ್ದು. ಗುಳಿಗಿ ಇನ್ನ ನಿನ್ನ ಮೈಗೆ ಹಿಡಿಯಂಗಿಲ್ಲಂತ.

ಬ್ಯಾಡ, ಕೈ ತಗೀ, ಅಂಗಿ ನಾನ ಸರಿ ಮಾಡ್ಕೊಂತೀನಿ...

ಇರಲಿ. ಗುಂಡಿ ನೀನ ಹಾಕು. ನಿಧಾನ ಹಾಕು. ಬಸ್ಸು ಹೋದ್ರ ಹೋಗಲಿ, ಇನ್ನೊಂದು ಬರತೈತಿ. ನಾ ಅಲ್ಲಾಡಂಗಿಲ್ಲ.