ಅಡ್ಡ ಹರಿದ ತುಕ್ಕು

ಅಧ್ಯಕ್ಷತೆ ವಹಿಸಿರುವ ಅವಧೂತ ಸರ್ ಅವರೇ, ಕೊಲ್ಹಾಪುರ, ಗಡಹಿಂಗ್ಲಜದಿಂದ ದಯಮಾಡಿಸಿರುವ ಅತಿಥಿಗಳೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಹಾಗೂ ಸಿಗದ ಎಲ್ಲ ಸಭಿಕರೇ,

ಕೊಲ್ಹಾಪುರದ ಮಾದರಿಗಳ ಪ್ರದರ್ಶನದಲ್ಲಿ ನನ್ನ ಪುಟ್ಟ ಜಲಾಂತರ್ಗಾಮಿಗೆ ಮೊದಲ ಬಹುಮಾನ ಬಂತೆಂದು ಇಚಲಕರಂಜಿಯ ನೀವು ಶಾಲು ಹೊದಿಸಿದ್ದೀರಿ. ಏಪ್ರಿಲ್ ಬಿಸಿಲಲ್ಲಿ ಶಾಲು ಹೊದ್ದವನು ಹೆಚ್ಚು ಹೊತ್ತು ಮಾತಾಡಲಾರ, ಹೆದರಬೇಡಿ.

ನಮ್ಮದು ಸ್ಟೀಲ್ ಪಾತ್ರೆ ಅಂಗಡಿ, ಅದರ ಮೇಲೆಯೇ ಮನೆ. ನಮ್ಮ ತಂದೆ ಬಾಳಗೊಂಡ ಅವರು ತಾಟು ಒರೆಸಿ, ಅದರಲ್ಲಿ ತಮ್ಮ ಮುಖ ಕಂಡ ಮೇಲೆಯೇ ಚಹಾ ಕುಡಿಯುವವರು. ಅಂಥವರ ಮಗ ಮಾಡುವುದೇನು? ಮೊಳದುದ್ದದ ಪ್ಲಾಸ್ಟಿಕ್ ಜಲಾಂತರ್ಗಾಮಿಗೆ ಕಪ್ಪು ಬಳಿಯುವುದು, ಬಿಸಿಲಿಗೆ ಮಾಸಿದಂತೆ ಕಾಣಲು ತೆಳುವಾಗಿ ಬೂದು ಸವರುವುದು, ಬಿಳಿ ಅಂಕಿ ಅಂಟಿಸಿ ಅರ್ಧ ಕೆರೆಯುವುದು, ಕಡೆಗೆ ತೆಳ್ಳನೆಯ ಎಣ್ಣೆಬಣ್ಣದಿಂದ ತುಕ್ಕಿನ ಗೆರೆ ಇಳಿಸುವುದು! ಇಷ್ಟಾಗಿ ನಾನು ಸಮುದ್ರ ಕಂಡದ್ದು ಗಣಪತಿಪುಳೆಯಲ್ಲಿ, ಮೊಣಕಾಲಿನ ತನಕ.

"ಕೆಳಗ ಹೊಳಪು ಮಾರತೇವಿ, ಮ್ಯಾಲ ನೀ ತುಕ್ಕು ಹಚ್ಚಾಕತ್ತಿ. ಮಂದಿ ಏನಂದಾರೋ?" ಎನ್ನುತ್ತಿದ್ದರು ತಂದೆ.

ಹೀಗಿರಲು ಶಿರೋಳದ ಪಾರೀಸ ಅವರು ತಮ್ಮ ಮಗಳು ಸೋನಲಳ ಜೊತೆ ಸಂಬಂಧಕ್ಕೆಂದು ನಮ್ಮ ಮನೆ ನೋಡಲು ಬಂದರು. ತಂದೆ ಗಾಬರಿಯಾಗಿ ಜಲಾಂತರ್ಗಾಮಿಯ ಮೇಲೆ ದೊಡ್ಡ ಪಾತೇಲಿ ಬೋರಲು ಹಾಕಿದರು. ಪಾರೀಸ ಅವರಿಗೆ ಮನೆಯಲ್ಲಿ ಮೆಚ್ಚಿಗೆಯಾದದ್ದು ಅದೊಂದೇ. "ಭಾಳ ದಪ್ಪ ಐತ್ರಿ ಪಾತೇಲಿ," ಎಂದು ಎತ್ತಿಯೇಬಿಟ್ಟರು; ಕೆಳಗಿದ್ದ ಜಲಾಂತರ್ಗಾಮಿ ಬಯಲಾಯಿತು.

"ಮೋಡಕಾ ರೀ ಅದು, ನಾಳೆ ಗುಜರಿಗೆ ಹಾಕೂದೈತಿ," ಎಂದರು ತಂದೆ.

ನಾಲ್ಕು ತಿಂಗಳ ಕೆಲಸ, ಸಭಿಕರೇ! ಆಗ ಸೋನಲ ಬಗ್ಗಿ ನೋಡಿ ಕೇಳಿದಳು: "ತುಕ್ಕು ಕೆಳಗ ಇಳೀಬೇಕಲ್ರಿ? ಇದ್ಯಾಕ ಅಡ್ಡ ಹೊಂಟೈತಿ?"

ಮೂತಿ ಮೇಲೆ ಮಾಡಿ ಗೋಡೆಗೆ ಒರಗಿಸಿ ಒಣಗಿಸಿದ್ದೆ. ಬಣ್ಣವೆಲ್ಲ ಬಾಲದ ಕಡೆಗೆ ಹರಿದಿತ್ತು. ಒಪ್ಪಿಕೊಳ್ಳುವುದು ಹೇಗೆ? "ಓಡುವಾಗ ನೀರು ಹಿಂದಕ್ಕ ಎಳೀತೈತ್ರಿ," ಎಂದು ಉಪ್ಪಿನ ಕಲೆ, ಪಾಚಿ, ನೆತ್ತಿಯ ಗೋಪುರ ಎಲ್ಲದರ ಬಗ್ಗೆ ಉಪನ್ಯಾಸವನ್ನೇ ಕೊಟ್ಟೆ. ಚಹಾ ಆರಿತು.

"ಬಂದರದಾಗ ನಿಂತಾಗ ಯಾರು ಎಳೀತಾರ್ರಿ?" ಎಂದಳು.

ನಾನು ಆರಿದ ಚಹಾ ಕೈಗೆತ್ತಿಕೊಂಡೆ. ಪಾರೀಸ ಅವರು ತಂದೆಯ ಕಡೆ ತಿರುಗಿ, "ನಿಮ್ಮ ಮಗಾ ಯಾವಾಗ್ಲೂ ಇಷ್ಟ ಮಾತಾಡ್ತಾನೇನ್ರಿ?" ಎಂದರು.

"ಇಲ್ರಿ. ನಾನೂ ಇವತ್ತ ಕೇಳಾಕತ್ತೇನಿ."

"ವಿಚಾರ ಮಾಡಿ ಹೇಳತೇವಿ," ಎಂದು ಅವರು ಎದ್ದರು. ಆ ಮಾತಿನ ಅರ್ಥ ನಿಮಗೆಲ್ಲ ಗೊತ್ತೇ ಇದೆ.

ಮರುದಿನ ಟರ್ಪೆಂಟೈನ್ ಹಚ್ಚಿ ಆ ಗೆರೆಗಳನ್ನೆಲ್ಲ ಒರೆಸಿದೆ. ಜಲಾಂತರ್ಗಾಮಿಯನ್ನು ನೀರಲ್ಲಿ ತೇಲುವಂತೆ ನೇರ ಇರಿಸಿ, ಸಣ್ಣ ಕುಂಚದಿಂದ ಒಂದೊಂದೇ ಗೆರೆ ಕೆಳಗೆಳೆದೆ. ತಂದೆ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಮುಗಿದ ಮೇಲೆ ತಾವೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಫೋನ್ ಹಚ್ಚಿದರು.

"ಪಾರೀಸ ಅವರ, ನಮ್ಮ ಹುಡುಗ ತುಕ್ಕು ನೆಟ್ಟಗ ಇಳಿಸ್ಯಾನ. ಬಂದು ನೋಡಂತ ಹೇಳ್ರಿ ಸೋನಲಗ. ಹೌದ್ರಿ, ಮೋಡಕಾ ಅಂದಿದ್ನಿ. ಅದು ಮೋಡಕಾ ಅಲ್ರಿ, ನನ್ನ ಮಗಾ ಮಾಡಿದ್ದೈತಿ."

ಸಭಿಕರೇ, ಶಾಲು ನನಗೆ ಅವತ್ತೇ ಹೊದಿಸಿಯಾಗಿತ್ತು.

ಸೋನಲ ಬಂದಳು. ನೋಡಿದಳು. "ಎಡಗಡೆ ಒಂದು ಗೆರಿ ಹೆಚ್ಚಾತು," ಎಂದಳು. ಶ್ರಾವಣ ಕಳೆದ ಮೇಲೆ ಲಗ್ನವಾಯಿತು. ಈಗ ಮುಂದಿನ ಸಾಲಿನಲ್ಲಿ ಕೂತು, ಭಾಷಣವೂ ಹೆಚ್ಚಾಯಿತೆಂದು ಕೈ ಮಾಡುತ್ತಿದ್ದಾಳೆ. ಆಕೆಯ ತೀರ್ಪಿಗೆ ಮೇಲ್ಮನವಿಯಿಲ್ಲ. ಕರೆದು ಗೌರವಿಸಿದ ನಿಮಗೂ, ಬೆವರುತ್ತಾ ಕೇಳಿದ ನಿಮ್ಮ ತಾಳ್ಮೆಗೂ ಕೃತಜ್ಞತೆ ಹೇಳಿ ಕೂರುತ್ತೇನೆ. ನಮಸ್ಕಾರ.