ಎಲ್ಲಾ ಬೋರ್ ನೀರಿನ ತಪ್ಪು

ಅದನ್ನೇ ಕಣಮ್ಮ ನಾನೂ ಏಳ್ತಾ ಇರೋದು! ನಿಂದೇನೂ ತಪ್ಪಿಲ್ಲ ವನಿತಾ, ಎಲ್ಲಾ ಈ ಬೋರ್ ನೀರಿಂದು. ಬಟ್ಟೆ ಒಗೆಯೋ ಮಿಷಿನ್ನು ಕೆಟ್ಟಿದ್ದು ನೀರಿಂದ, ನೀನು ಕಂಬ್ಳಿ ಆಕಿದ್ದಕ್ಕಲ್ಲ... ಮೊದ್ಲು ಆ ಬ್ಯಾಗು ಕೆಳಗಿಡು. ನಿನ್ ಸೀರೆಗಳು ಎಲ್ಲಿಗೋಯ್ತವೆ, ಬೀರುವಲ್ಲೇ ಅವೆ, ಆಮೇಲೆ ತಗೊಂಡೋಗೀವಂತೆ. ಮುನೀಂದ್ರ ಮನೇಲಿಲ್ಲ, ಆಲು ಆಕಕ್ಕೆ ಡೈರಿಗೆ ಓಗವ್ನೆ. ಗಂಡನ ಮುಖ ನೋಡ್ಬಾರ್ದು ಅಂತ ಟೈಮು ನೋಡ್ಕೊಂಡೇ ಬಂದಿದ್ದೀಯ, ಅಲ್ವಾ? ಗೊತ್ತು ಬಿಡು ನಂಗೆ. ಅತ್ತೆ ಕೈಲಿ ಒಂದು ಲೋಟ ಕಾಫಿನಾದ್ರೂ ಕುಡೀಬೌದಲ್ಲ?

ಕುಡಿಯಲ್ವಾ... ಸರಿ. ಕೂತ್ಕೋ ಅಂದ್ರೂ ಕೂತ್ಕೊಳಲ್ಲ.

ಅಲ್ಲಾ, ನೀರು ಅಂದ್ರೆ ಇದೂ ಒಂದು ನೀರಾ? ಸಾವಿರದ ಇನ್ನೂರು ಅಡಿಯಿಂದ ಬರೋದು, ಕಲ್ಲು ಕರಗಿಸಿ ಬಿಟ್ಟಂಗೆ! ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಗೀಸರು ನಾಕೇ ತಿಂಗ್ಳಿಗೆ ಬಾಯಿ ಮುಚ್ಕೊಂತು. ಮೆಕಾನಿಕ್ ವೇಣು ಕಾಯಿಲ್ ಎಳ್ದಾಗ ನೋಡ್ದೆ ಅಲ್ವಾ, ಸುಣ್ಣ ಮೆತ್ಕೊಂಡು ಮೂಲಂಗಿ ಗಾತ್ರ ಆಗಿತ್ತು! ಯಾಕೆ ನಗ್ತೀಯಾ? ಮೂಲಂಗಿ ಅಂದಿದ್ದಕ್ಕಾ? ನಗು, ನಗು...

ನಗ್ಲಿಲ್ವಾ. ನಕ್ಕಂಗೆ ಕಾಣಿಸ್ತು ನಂಗೆ.

ನಿನ್ ಮಿಷಿನ್ನು ಅಂದ್ರೆ ನಂಗೆ ಪ್ರಾಣ ಕಣಮ್ಮ. ಸುಳ್ಳಲ್ಲ. ದಿನಾ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು, ಫ್ಯಾಕ್ಟ್ರೀಲಿ ಸಂಜೆಗಂಟ ನಿಂತ್ಕೊಂಡೇ ಗೇಯ್ದು, ಬೋನಸ್ ಬಂದಾಗ ನಿಂಗೊಂದು ಸೀರೆ ತಗೊಳ್ದೆ ಮಿಷಿನ್ನು ತಂದೆ. ‘ಅತ್ತೆ, ನಿಮ್ ಸೊಂಟಕ್ಕೆ’ ಅಂದೆ. ನಮ್ಮವ್ವನೂ ನನ್ ಸೊಂಟದ ಮಾತು ಎತ್ತಿದೋಳಲ್ಲ! ಅದಕ್ಕೇ ದಿನಾ ಒರೆಸ್ತಿದ್ದೆ. ಏನು ಒರೆಸಿದ್ರೇನು, ಡ್ರಮ್ಮಿನ ಸುತ್ತ ಬಿಳೀ ಬಿಳೀ... ಉಜ್ಜಿದ್ರೂ ಓಗಲ್ಲ, ಕೆರೆದ್ರೂ ಓಗಲ್ಲ.

ಮುನೀಂದ್ರ ಆಡಿದ್ದನ್ನ ಮನಸಲ್ಲಿ ಇಟ್ಕೋಬೇಡ. ‘ಸಂಬಳ ತರೋ ಸೊಕ್ಕು, ತುಂಬ್ಸಿ ತುಂಬ್ಸಿ ಮುರಿದಾಕ್ದೆ’ ಅಂತ ಬೀದಿಗೆಲ್ಲಾ ಕೇಳೋ ಅಂಗೆ... ಉರಿಗಾಂ ಗಣಿ ಕೂಲಿಯೋರ ಲೈನ್ ಮನೇಲಿ ಬೆಳೆದೋಳಿಗೆ ಇನ್ನೇನು ಗೊತ್ತು ಅಂತ ನಿಮ್ಮಪ್ಪನ್ನೂ ಎಳ್ದ. ತಪ್ಪೇ. ತಪ್ಪೇ ಅದು. ನಾನೂ ಬಿಡ್ಲಿಲ್ಲ, ಬೈದೆ ಅವನಿಗೆ. ಯಾವಾಗ ಅಂದ್ರೆ... ಆಮೇಲೆ. ನೀನು ತವರಿಗೆ ಓದ್ಮೇಲೆ. ಬೈದೆ ಕಣೇ!

ಈಗ ಅವ್ನು ಬರ್ಲಿ, ನೀರಿನ ವಿಷ್ಯ ಏಳಾನ. ವೇಣೂನೂ ಅಂಗೇ ಏಳ್ತಾನೆ, ನಾನು ಏಳಿಸ್ತೀನಿ... ಅಂದ್ರೆ, ಏಳಿಸೋದೇನು, ಇರೋದೇ ಅದಲ್ವಾ! ನೀನು ಮಾತ್ರ ಓಗ್ಬೇಡ. ಒಂಬತ್ತು ದಿನದಿಂದ ಈ ಮನೇಲಿ ಮಾತಾಡೋರಿಲ್ಲ ನಂಗೆ.

ಎಲ್ಲಿಗೆ? ಬಚ್ಚಲ ಕಡೆ ಯಾಕೆ? ಅದನ್ಯಾಕೆ ಮುಟ್ತೀಯಾ, ಕೈ ಕೊಳೆ ಆಯ್ತದೆ... ನೆನ್ನೆ ವೇಣು ಬಿಚ್ಚಿ ಅಂಗೇ ಬಿಟ್ಟೋಗವ್ನೆ. ಊಂ, ಡ್ರಮ್ಮಿನ ಕೆಳಗೆ ಇರ್ತದಂತೆ ಅದು, ಡ್ರಮ್ಮನ್ನ ಇಡ್ಕೊಳೋ ಮೂರು ಕಾಲಿನ ಸ್ಟ್ಯಾಂಡು. ಅದೇ ಮುರಿದಿರೋದು. ನೀರು ತಿಂದೈತೆ.

ಯಾಕಮ್ಮ ಅಂಗೆ ತಿರುಗ್ಸಿ ತಿರುಗ್ಸಿ ನೋಡ್ತೀಯಾ?

ಸುಣ್ಣನಾ... ಇಲ್ವಾ? ಒಂಚೂರೂ ಇಲ್ವಾ? ವೇಣು ತೊಳ್ದಿರ್ಬೇಕು. ಬಟ್ಟೆಲಿ ಒರೆಸಿರ್ಬೇಕು. ನೀರು ಅಂದ್ಮೇಲೆ ಸುಣ್ಣ ಕಟ್ಬೇಕಾಗಿತ್ತು, ನಿಜ... ಇಂಗೆ ಇಲಿ ಕಡ್ದಂಗೆ ಯಾಕೆ ತಿಂತು ಅಂದ್ರೆ... ನಂಗೇನು ಗೊತ್ತು, ನಾನೇನು ಮೆಕಾನಿಕ್ಕಾ?

ಬೈಯೇ. ಅಂಗೆ ನೋಡ್ಬೇಡ ನನ್ನ.

...ಆಸಿಡ್ಡು ಕಣಮ್ಮ. ಬಚ್ಚಲ ಟೈಲ್ಸಿಗೆ ಆಕ್ತಾರಲ್ಲ, ಅದು. ಪಕ್ಕದ್ಮನೆ ಅಮ್ಮಾಜಮ್ಮ ಬಕೀಟಿಗೆ ಆಕಿದ್ಲು, ಬುಸ್ ಅಂತ ಸುಣ್ಣ ಎಲ್ಲಾ ಎದ್ದೋಯ್ತು. ನಾನೂ ಸುರಿದೆ ಡ್ರಮ್ಮಿಗೆ. ಒಂದಿನ ಅಲ್ಲ. ಪ್ರತಿ ಶುಕ್ರವಾರ, ನೀನು ಕೆಲ್ಸಕ್ಕೆ ಓದ್ಮೇಲೆ, ಬಾಟ್ಲಿ ಪೂರ್ತಿ. ಸಂಜೆ ಬಂದು ನೀನು ‘ಎಷ್ಟು ಒಳೀತೈತೆ ಅತ್ತೆ’ ಅನ್ಲಿ ಅಂತ. ಒಂದ್ಸಲ ಅಂದೂ ಇದ್ದೆ ನೀನು...

ಆವತ್ತೇ ಗೊತ್ತಾಯ್ತಾ ಅಂತೀಯಾ? ಊಂ. ಗೊತ್ತಾಯ್ತು. ಮಿಷಿನ್ನು ಗಡಗಡ ಅಂದ ತಕ್ಷಣಾನೇ ಗೊತ್ತಾಯ್ತು. ಒಲೆ ಮುಂದೆ ಮುದ್ದೆ ತಿರುವ್ತಾ ಇದ್ದೆ. ‘ನಾನೇ ಕಣ್ಲಾ ಮಾಡಿದ್ದು’ ಅಂತ ಬಾಯಿಗೆ ಬಂದಿತ್ತು. ಅಷ್ಟೊತ್ತಿಗೆ ಅವ್ನು ನಿನ್ ಮೇಲೆ ಶುರು ಅಚ್ಕೊಂಡ. ನಾನು ಬೈದೆ ಅಂದ್ನಲ್ಲ... ಅದೂ ಇಲ್ಲ. ಬೈಲಿಲ್ಲ ನಾನು. ಆವತ್ತೂ ಇಲ್ಲ, ಆಮೇಲೂ ಇಲ್ಲ.

ಮೂವತ್ತು ವರ್ಷ ಬೈಸ್ಕೊಂಡಿದ್ದೀನಿ ಕಣಮ್ಮ. ಮೊದ್ಲು ಅವರಪ್ಪ, ಅವರು ತೀರ್ಕೊಂಡ್ಮೇಲೆ ಇವ್ನು. ಸಾರಿಗೆ ಉಪ್ಪಾದ್ರೂ ನಾನು, ಆಲು ಕರೆಯೋವಾಗ ಅಸ ಒದ್ರೂ ನಾನು, ಕರೆಂಟ್ ಓದ್ರೂ ನಾನೇ. ಆವತ್ತು ಮೊದಲ್ನೇ ಸಲ ಬೇರೆಯೋರ ಮೇಲೆ ಬಿತ್ತು. ನೀನು ಅಳೋದು ಕೇಳಿಸ್ತಿತ್ತು. ಕೇಳಿಸ್ತಿತ್ತು... ಆದ್ರೂ, ಅಬ್ಬಾ, ಇವತ್ತು ನನ್ ಮೇಲಲ್ಲ, ಅಂತ ನೆಮ್ಮದಿ ಆಯ್ತು. ನೀನು ಬ್ಯಾಗು ಇಡ್ಕೊಂಡು ಬಸ್ಸಿಗೆ ನಡ್ಕೊಂಡು ಓದೆ. ನಾನು ಅವನಿಗೆ ಬಡಿಸಿ, ನಾನೂ ಕೂತ್ಕೊಂಡು ಒಟ್ಟೆ ತುಂಬಾ ಉಂಡೆ ಕಣಮ್ಮ.