ಎಡ ಹಿಂದಿನ ಜಾಕ್ ಎದ್ದ ಬಗ್ಗೆ

ಹೆಸರು: ರೊವೆನಾ ಹಾಲ್ವರ್ಸನ್. ವಯಸ್ಸು: 23 ವರ್ಷ. ಕೆಲಸ: ಸಕ್ಕರೆ ಬೀಟ್ ಕೊಯ್ಲಿನಲ್ಲಿ ರಾತ್ರಿ ಪಾಳಿ. ವಾಸ: ಜಾಗ ಸಂಖ್ಯೆ 31, ಕೊಯ್ಲುಗಾರರ ಶಿಬಿರ, ಎಲ್ಮ್‌ಕ್ರೀಕ್, ಮಿನ್ನೆಸೋಟ. ಖಾಯಂ ವಿಳಾಸ: ಇಲ್ಲ. ಚಕ್ರದ ಮೇಲಿರುವ ಮನೆ ಖಾಯಂ ವಿಳಾಸವಾಗುವುದಿಲ್ಲ ಎಂದು, ಈ ಹೇಳಿಕೆ ಬರೆಸಿಕೊಳ್ಳುತ್ತಿರುವ ಪೊಲೀಸ್ ಅಧಿಕಾರಿ ಡೆಪ್ಯೂಟಿ ಲೈನ್‌ಹಾರ್ಟ್ ಅವರು ಹೇಳಿದ್ದರಿಂದ ಹೀಗೆ ಬರೆದಿದ್ದೇನೆ. ನಾನು ಇದನ್ನು ಒಪ್ಪುವುದಿಲ್ಲ.

ಈ ಮೂಲಕ, ಕೇಳಿದ್ದನ್ನೂ ಕೇಳದೆ ಬಿಟ್ಟದ್ದನ್ನೂ ಸೇರಿಸಿ ತಿಳಿಸುವುದೇನೆಂದರೆ:

ನನ್ನ ಪಕ್ಕದ ಜಾಗ ಸಂಖ್ಯೆ 32ರಲ್ಲಿ ಶ್ರೀಮತಿ ಓಪಲ್ ಡ್ರಕ್ಕರ್, 69 ವರ್ಷ, ಇವರ 36 ಅಡಿ ಉದ್ದದ ಟ್ರೇಲರ್ ಮನೆ ನಿಂತಿದೆ. ಇದು ಪಿಕಪ್ ಟ್ರಕ್ಕಿನ ತೊಟ್ಟಿಯೊಳಗಿನ ಕೊಂಡಿಗೆ ಮೂತಿ ಕೂರಿಸಿ ಎಳೆಯುವ ಬಗೆಯದು. ಕೆಳಗೆ ಆರು ಹೈಡ್ರಾಲಿಕ್ ಜಾಕ್‌ಗಳಿವೆ, ಅಂದರೆ ಎಣ್ಣೆಯ ಒತ್ತಡದಿಂದ ಇಳಿದು ಏಳುವ ಕಾಲುಗಳು. ನೆಲ ಹೇಗಿದ್ದರೂ ಮನೆಯನ್ನು ಮಟ್ಟವಾಗಿ ನಿಲ್ಲಿಸುವುದು ಇವುಗಳ ಕೆಲಸ. ಈ ಟ್ರೇಲರ್ ಬಿಟ್ಟರೆ ಓಪಲ್ ಅವರಿಗೆ ಬೇರೆ ಮನೆಯಿಲ್ಲ. ಇಂದು ಬೆಳಿಗ್ಗೆ ಟ್ರೆಂಟ್ ವಾಸ್ಕೊ ಎಂಬುವರು ಈ ಮನೆಯನ್ನು ಕದ್ದೊಯ್ಯಲು ಬಂದಿದ್ದರು. ನಾವು ಮೂವರು ಅವರಿಗೆ ಎರಡೂವರೆ ಗಂಟೆ ಸಹಾಯ ಮಾಡಿದೆವು. ಯಾಕೆ ಮಾಡಿದಿರಿ ಎಂದು ನನ್ನನ್ನು ಕೇಳಲಾಗಿದೆ. ಅದಕ್ಕೆ ಉತ್ತರ ಮುಂದಿದೆ.

ಶಿಬಿರ ತೆರೆದು ಎರಡೇ ದಿನವಾಗಿದೆ. ಯಾರಿಗೂ ಯಾರ ಪರಿಚಯವೂ ಇಲ್ಲ. ಓಪಲ್ ಅವರು ನಿನ್ನೆ ಸಂಜೆ 7.30ಕ್ಕೆ, ನಾನು ಪಾಳಿಗೆ ಹೊರಟ ಮೇಲೆ, ಬಂದರಂತೆ. ಅವರ ಟ್ರಕ್ ದಾರಿಯಲ್ಲಿ ಗೇರ್ ಕೆಟ್ಟು ಗ್ಯಾರೇಜ್ ಸೇರಿದ್ದು, ಗ್ಯಾರೇಜಿನವರೇ ಟ್ರೇಲರ್ ತಂದು ನಿಲ್ಲಿಸಿ ಹೋದರಂತೆ. ಇಂದು ಬೆಳಿಗ್ಗೆ 7.15ಕ್ಕೆ ಅವರು ಹಗಲು ಪಾಳಿಯ ಬಸ್ಸು ಹತ್ತಿದರು. ನಾನು ಹಿಂದಿರುಗಿದ್ದು 8.25ಕ್ಕೆ. ಆದ್ದರಿಂದ ಈ ಮನೆ ಯಾರದೆಂದು ನನಗೆ ಗೊತ್ತಿರಲಿಲ್ಲ.

8.40ಕ್ಕೆ ನಾನು ಬೂಟು ಬಿಚ್ಚುತ್ತಿದ್ದಾಗ ಪಕ್ಕದಿಂದ ಕೀ ಕೀ ಎಂಬ ಶಬ್ದ ಕೇಳಿತು. ಜಾಕ್‌ಗಳ ನಿಯಂತ್ರಣ ಫಲಕ ದೂರು ಹೇಳುವ ಶಬ್ದ ಅದು. ಟ್ರೇಲರುಗಳಲ್ಲಿ ಬಾಳುವವರಿಗೆ ಈ ಶಬ್ದ ಕೇಳಿದ ಮೇಲೆ ಕುಳಿತಲ್ಲೇ ಇರುವುದು ಸಾಧ್ಯವಿಲ್ಲ. ನಾನು ಹೊರಗೆ ಬಂದೆ. ಸುಮಾರು ಮೂವತ್ತು ವರ್ಷದ ತೆಳ್ಳನೆಯ ವ್ಯಕ್ತಿಯೊಬ್ಬರು ಕಂದು ಬಣ್ಣದ ಪಿಕಪ್ಪನ್ನು ಟ್ರೇಲರಿನ ಮೂತಿಯ ಕೆಳಗೆ ಹಿಮ್ಮುಖವಾಗಿ ತಂದು ನಿಲ್ಲಿಸಿ, ಮುಂಭಾಗದ ಪೆಟ್ಟಿಗೆ ತೆರೆದು ಗುಂಡಿಗಳನ್ನು ಒತ್ತುತ್ತಿದ್ದರು. ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಇಂಥ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಒಂದೇ ಕೀಲಿಗೆ ತೆರೆದುಕೊಳ್ಳುತ್ತವೆ. ಆ ಕೀಲಿ ನನ್ನ ಬಳಿಯೂ ಇದೆ.

ನಾನು ತಲುಪುವ ಮೊದಲೇ ಜಾಗ ಸಂಖ್ಯೆ 29ರ ಡೆಲ್ಮರ್ ಕ್ವಾಮಿ, 74 ವರ್ಷ, ಮಡಿಸುವ ಕುರ್ಚಿ ಹಿಡಿದುಕೊಂಡು ಬಂದಿದ್ದರು.

"ಏನಪ್ಪಾ, ಜಾಕ್ ಮುನಿಸ್ಕೊಂಡಿದ್ಯಾ?" ಎಂದು ಕೇಳಿದರು.

"ಏನಿಲ್ಲ ಸಾರ್. ನಾನೇ ನೋಡ್ಕೋತೀನಿ" ಎಂದರು ಟ್ರೆಂಟ್.

"ನೋಡ್ಕೋ, ನೋಡ್ಕೋ. ನೀನು ನೋಡ್ತಾ ಇರು, ನಾವು ಮಾಡ್ತೀವಿ" ಎಂದು ಡೆಲ್ಮರ್ ಕುರ್ಚಿ ಬಿಡಿಸಿದರು.

ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಉರಿಯುತ್ತಿತ್ತು. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಹೊಪ್ಪಳೆ ಕಟ್ಟಿತ್ತು. ನಾನು ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಕೆಲಸ 9.05ರಿಂದ 9.30ರವರೆಗೆ ನಡೆಯಿತು. ಗುಂಡಿ ಒತ್ತಿದಾಗ, ಜಾಕ್‌ಗಳಿಗೆ ಎಣ್ಣೆ ಹರಿಸುವ ಪಂಪು ಗುಂಯ್ ಎಂದಿತು. ಮುಂದಿನ ಎರಡು ಜಾಕ್‌ಗಳನ್ನು ಸ್ವಲ್ಪ ಮೇಲಕ್ಕೆಳೆದು ಮೂತಿಯನ್ನು ತಗ್ಗಿಸಿ ಕೊಂಡಿಗೆ ಕೂರಿಸಿದೆವು. ನಂತರ ಎಲ್ಲವನ್ನೂ ಮೇಲೆತ್ತುವ ಗುಂಡಿ ಒತ್ತಿದರೆ ಐದು ಜಾಕ್‌ಗಳು ಎದ್ದವು. ಎಡ ಹಿಂದಿನದು ನೆಲ ಬಿಡಲಿಲ್ಲ. ಆಗ ಸಮಯ 9.48.

ಈ ಹೊತ್ತಿಗೆ ಜಾಗ ಸಂಖ್ಯೆ 34ರ ಬೆರ್ನೀಸ್ ತಿಬೊಡೊ, 66 ವರ್ಷ, ಇವರೂ ಬಂದರು. ಲೂಸಿಯಾನದಲ್ಲಿ ಇಪ್ಪತ್ತು ವರ್ಷ ಬಾಡಿಗೆ ಮನೆಗಳ ಉಸ್ತುವಾರಿ ನೋಡಿಕೊಂಡವರು.

"ಎಣ್ಣೆ ಕಮ್ಮಿಯಾಗಿದೆ ಕಣ್ರೀ. ಒಂದು ಡಬ್ಬ ಸುರೀರಿ" ಎಂದರು ಬೆರ್ನೀಸ್.

"ಸುರೀಬೇಡಮ್ಮಾ. ಜಾಕ್ ಕೆಳಗಿರೋವಾಗ ಅದರ ಎಣ್ಣೆ ಅದರೊಳಗೇ ಇರುತ್ತೆ. ಈಗ ತುಂಬಿಸಿದ್ರೆ, ಅದು ಮೇಲೆ ಬಂದಾಗ ಎಲ್ಲಾ ಉಕ್ಕಿ ನಿನ್ನ ಚಪ್ಪಲಿ ಮೇಲೆ" ಎಂದರು ಡೆಲ್ಮರ್.

"ನನ್ನ ಚಪ್ಪಲಿ ಚಿಂತೆ ನಿಮಗ್ಯಾಕೆ? ನಿಮ್ಮ ಟ್ರೇಲರ್ ನೋಡಿದ್ರೆ ಗೋಡೆಗೆ ಒರಗಿದ ಕುಡುಕನ ಹಾಗಿದೆ. ಮೊದಲು ಅದನ್ನ ನೆಟ್ಟಗೆ ನಿಲ್ಸಿ."

"ಅದು ನಾನು ಮಲಗೋ ಕಡೆ ಎತ್ತರ ಇರಲಿ ಅಂತ ಬೇಕಂತಲೇ ಮಾಡಿರೋದು."

"ಯಾರಾದ್ರೂ ಕೇಳಿದ್ರಾ?"

ಈ ಚರ್ಚೆ 11 ನಿಮಿಷ ನಡೆಯಿತು. ಟ್ರೆಂಟ್ ಮೂರು ಬಾರಿ ರಸ್ತೆಯ ಕಡೆ ನೋಡಿದರು. ಪಾಪ, ತಡವಾಗುತ್ತಿದೆ ಎಂದು ನಾನು ಭಾವಿಸಿದೆ.

ಪಂಪು ಓಡುತ್ತಿದೆ, ಉಳಿದ ಐದು ಏಳುತ್ತಿವೆ, ಆದ್ದರಿಂದ ದೋಷ ಒಂದೋ ಆ ಜಾಕಿನ ವಾಲ್ವ್‌ನಲ್ಲಿ ಅಥವಾ ವಾಲ್ವ್‌ಗೆ ಹೋಗುವ ತಂತಿಯಲ್ಲಿ ಎಂದು ನಾನು ಹೇಳಿದೆ. ಬಲ ಹಿಂದಿನ ವಾಲ್ವ್‌ನ ತಂತಿ ಬಿಚ್ಚಿ ಎಡದ್ದಕ್ಕೆ ಸಿಕ್ಕಿಸಿ ನೋಡಿದರೆ ತಿಳಿಯುತ್ತದೆ. ಹಾಗೆ ಮಾಡಿದೆವು. 10.14ಕ್ಕೆ ಎಡ ಹಿಂದಿನ ಜಾಕ್ ಸುಲಭವಾಗಿ ಎದ್ದಿತು. ಅಂದರೆ ವಾಲ್ವ್ ಸರಿಯಿದೆ, ತಂತಿ ಕೆಟ್ಟಿದೆ.

ಡೆಪ್ಯೂಟಿಯವರು ಇಲ್ಲಿ ಗಮನ ಕೊಡಬೇಕೆಂದು ಕೋರುತ್ತೇನೆ. 10.14ಕ್ಕೆ ಆರೂ ಜಾಕ್‌ಗಳು ಮೇಲಿದ್ದವು. ಟ್ರೇಲರ್ ಕೊಂಡಿಗೆ ಕೂತಿತ್ತು. ಹೆದ್ದಾರಿ 400 ಗಜ ದೂರ. ಟ್ರೆಂಟ್ ಅವರು "ಸಾಕು ಸಾಕು, ಉಪಕಾರ ಆಯ್ತು, ಹೊರಡ್ತೀನಿ" ಎಂದು ಟ್ರಕ್ಕಿನ ಬಾಗಿಲಿಗೆ ಕೈ ಹಾಕಿದ್ದರು. ಡೆಲ್ಮರ್ ಅವರ ಭುಜ ಹಿಡಿದು ನಿಲ್ಲಿಸಿದರು.

"ಎಲ್ಲಿಗೆ ತಮ್ಮಾ? ಎಡದ ತಂತಿ ಸತ್ತಿದೆ. ಮುಂದಿನ ಊರಲ್ಲಿ ಐದೇ ಜಾಕ್ ಮೇಲೆ ನಿಲ್ಸಿ, ಅನ್ನ ಬೇಯಿಸೋಕೆ ಹೋದ್ರೆ ಪಾತ್ರೆ ಜಾರಿ ಮಡಿಲಿಗೆ ಬೀಳುತ್ತೆ. ಅರ್ಧ ರಿಪೇರಿ ಮಾಡಿ ಕಳಿಸೋದು ನಮ್ಮಲ್ಲಿಲ್ಲ."

"ಪರವಾಗಿಲ್ಲ ಸಾರ್, ನಾನು ಅನ್ನ ತಿನ್ನಲ್ಲ."

"ಹೋಗಲಿ, ಸೂಪು ಕುಡೀತೀಯಲ್ಲ. ಬಗ್ಗು."

ನಮ್ಮಲ್ಲಿ ಟ್ರೇಲರಿನ ಅಡಿಯ ಉಕ್ಕಿನ ಚೌಕಟ್ಟು, ಅಂದರೆ ಚಾಸಿಯ ಸಂದಿಯೊಳಗೆ ತೂರುವಷ್ಟು ತೆಳ್ಳಗಿದ್ದವರು ಟ್ರೆಂಟ್ ಒಬ್ಬರೇ. ಅವರು ಬೆನ್ನ ಮೇಲೆ ಮಲಗಿ ಒಳಗೆ ಸರಿದರು. ನಾನು ಟಾರ್ಚ್ ಹಿಡಿದೆ. ಮೊದಲ ಹತ್ತು ನಿಮಿಷ ಅವರು ಗೊಣಗುತ್ತಲೇ ಇದ್ದರು. ಆಮೇಲೆ ದನಿ ಬದಲಾಯಿತು. "ದೀಪ ಎಡಕ್ಕೆ. ಇನ್ನೂ ಎಡಕ್ಕೆ. ಅಲ್ಲೇ, ಅಲ್ಲೇ" ಎಂದರು. ಚಾಸಿಯ ಉಕ್ಕಿನ ಕೊಳವೆಯೊಳಗೆ ಇಲಿಗೂಡು ಇತ್ತು. ಕೆಂಪು ಉಣ್ಣೆ ನೂಲಿನಿಂದ ಕಟ್ಟಿದ್ದು, ಬಹಳ ಅಚ್ಚುಕಟ್ಟಾಗಿತ್ತು. ಗೂಡಿನ ಹಿಂದೆ ತಂತಿಯನ್ನು ಇಲಿ ಕಡಿದಿತ್ತು. ಎರಡು ಎಳೆ ಮಾತ್ರ ಉಳಿದು ಒಮ್ಮೊಮ್ಮೆ ತಾಗಿ ಒಮ್ಮೊಮ್ಮೆ ಬಿಡುತ್ತಿದ್ದವು. ಟ್ರೆಂಟ್ ಅವರು ತಂತಿಯ ಎರಡೂ ತುದಿ ಸುಲಿದು, ಹೊಸೆದು, ಟೇಪು ಸುತ್ತಿ, ಮತ್ತೆ ಉಜ್ಜದ ಹಾಗೆ ಮೇಲೆ ಹಳೆಯ ನೀರಿನ ಪೈಪಿನ ತುಂಡು ತೊಡಿಸಿದರು. ಪೈಪಿನ ತುಂಡು ತೊಡಿಸಲು ಅವರಿಗೆ ಯಾರೂ ಹೇಳಿರಲಿಲ್ಲ. ಬಲದ ತಂತಿಯನ್ನು ಅದರ ಜಾಗಕ್ಕೆ ಮರಳಿಸಿ ಅವರು ಹೊರಗೆ ಬಂದಾಗ 10.52. ಮುಖವೆಲ್ಲ ಮಸಿ, ಮತ್ತು ಅವರು ನಗುತ್ತಿದ್ದರು.

ರಿಪೇರಿ ಮಾಡಿಸಿಕೊಂಡವರು ಮಾಡಿದವರಿಗೆ ಕಾಫಿ ಕೊಡುವುದು ನಮ್ಮ ನಡುವಿನ ಪದ್ಧತಿ. ಬೆರ್ನೀಸ್ ಅವರು ಇದನ್ನು ನೆನಪಿಸಿದರು. ಮನೆಯ ಬಾಗಿಲ ಕೀಲಿ ಕಳೆದುಹೋಗಿದೆ ಎಂದು ಟ್ರೆಂಟ್ ಹೇಳಿದರು.

"ಅಷ್ಟೇನಾ? ಮೊದಲೇ ಹೇಳಬಾರದಿತ್ತಾ ಮಗಾ" ಎಂದು ಬೆರ್ನೀಸ್ ತಮ್ಮ ಕೈಚೀಲದಿಂದ ಎರಡು ತೆಳು ಉಕ್ಕಿನ ಕಡ್ಡಿ ತೆಗೆದು ಬೀಗಕ್ಕೆ ತೂರಿಸಿ ನಾಲ್ಕು ನಿಮಿಷದಲ್ಲಿ ಬಾಗಿಲು ತೆರೆದುಕೊಟ್ಟರು. ಇದನ್ನು ಅವರು ಒಳ್ಳೆಯ ಮನಸ್ಸಿನಿಂದ ಮಾಡಿದರು. ಹಾಗೆಂದೇ ದಾಖಲಾಗಬೇಕು.

ಬಾಗಿಲು ತೆರೆದ ಕೂಡಲೇ ಬೂದು ಬಣ್ಣದ ದಪ್ಪ ಬೆಕ್ಕೊಂದು ಇಳಿದು ಬಂದು ಡೆಲ್ಮರ್ ಅವರ ಬೂಟಿನ ಮೇಲೆ ಕುಳಿತಿತು.

"ಏನಪ್ಪಾ ಇವನ ಹೆಸರು?" ಎಂದು ಡೆಲ್ಮರ್ ಕೇಳಿದರು.

ಟ್ರೆಂಟ್ ಬೆಕ್ಕನ್ನು ನೋಡಿದರು. ಬೆಕ್ಕು ಟ್ರೆಂಟ್ ಅವರನ್ನು ನೋಡಿತು.

"ಇನ್ನೂ ಇಟ್ಟಿಲ್ಲ" ಎಂದರು.

ಬೆಕ್ಕಿನ ಕಿವಿ ಹರಿದಿತ್ತು, ಮೀಸೆ ನೆರೆತಿತ್ತು. ವಯಸ್ಸು ಹತ್ತಕ್ಕೆ ಕಡಿಮೆಯಿಲ್ಲ. ಕೀಲಿ ಇಲ್ಲದವರು, ಬ್ಯಾಟರಿ ಸತ್ತವರು, ತಮ್ಮ ಜಾಕ್‌ಗಳ ಬಗ್ಗೆ ಏನೂ ಅರಿಯದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹತ್ತು ವರ್ಷದ ಬೆಕ್ಕಿಗೆ ಹೆಸರಿಡದವರು ಯಾರೂ ಇಲ್ಲ. ಬಾಗಿಲೊಳಗೆ ಕಾಣುತ್ತಿದ್ದ ಬಟ್ಟಲಿನ ಮೇಲೆ ಬಣ್ಣದಲ್ಲಿ 'ಸೆನೆಟರ್' ಎಂದು ಬರೆದಿತ್ತು. ಬಟ್ಟಲ ಪಕ್ಕದಲ್ಲಿ ಅರ್ಧ ಹೆಣೆದ ಕೆಂಪು ಉಣ್ಣೆಯ ಕಾಲುಚೀಲವಿತ್ತು.

ಟ್ರೆಂಟ್ ಟ್ರಕ್ಕಿನ ಕಡೆ ನಡೆದು ಎಂಜಿನ್ ಶುರು ಮಾಡಿದರು. ನಾನು ಫಲಕದ ಬಳಿಯೇ ನಿಂತಿದ್ದೆ. ರಿಪೇರಿ ಸರಿಯಾಗಿದೆಯೇ ಎಂದು ಒಮ್ಮೆ ಇಳಿಸಿ ನೋಡುವುದು ಹೇಗೂ ಬಾಕಿಯಿತ್ತು. ಮಟ್ಟಗೊಳಿಸುವ ಗುಂಡಿಯನ್ನು 11.03ಕ್ಕೆ ಒತ್ತಿದೆ. ಆರೂ ಜಾಕ್‌ಗಳು ಇಳಿದು ನೆಲ ಕಚ್ಚಿದವು. ಎಡ ಹಿಂದಿನದೂ. ಮುಂದಿನ ಎರಡು ಜಾಕ್‌ಗಳು ಟ್ರೇಲರಿನ ಮೂತಿಯ ಜೊತೆ ಟ್ರಕ್ಕಿನ ಹಿಂಭಾಗವನ್ನೂ ನಾಲ್ಕು ಇಂಚು ಎತ್ತಿದವು. ಟ್ರಕ್ ಎಲ್ಲಿಗೂ ಹೋಗಲಿಲ್ಲ.

ಟ್ರೆಂಟ್ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ್ದು ಒಂದೇ ಮಾತು: "ಎಡ ಹಿಂದಿನದು ಇಳೀತಾ?"

"ಬೆಣ್ಣೆ ಹಾಗೆ ಇಳೀತು" ಎಂದರು ಡೆಲ್ಮರ್.

ಆಮೇಲೆ ಅವರು ಎಂಜಿನ್ ಆರಿಸಿ ಇಳಿದು ಮೆಟ್ಟಿಲ ಮೇಲೆ ಕುಳಿತರು. ಓಡಲಿಲ್ಲ. ಬರುವ ಚಳಿಗಾಲಕ್ಕೆ ತಮಗೆ ಮನೆಯಿಲ್ಲವೆಂದೂ, ಟ್ರಕ್ಕಿನಲ್ಲೇ ಮಲಗುತ್ತಿರುವುದಾಗಿಯೂ ಹೇಳಿದರು. ಮನೆಯಿಲ್ಲದವರು ಒಂದು ಕಡೆ, ಖಾಲಿ ಮನೆಗಳು ಇನ್ನೊಂದು ಕಡೆ ಇರುವ ವ್ಯವಸ್ಥೆಯ ಬಗ್ಗೆ ನನಗೆ ಹೇಳುವುದು ಬಹಳವಿದೆ. ಡೆಪ್ಯೂಟಿಯವರು ಹಾಳೆ ಸಾಲದು ಎಂದಿದ್ದಾರೆ. ಆದರೆ ಇದು ಖಾಲಿ ಮನೆಯಾಗಿರಲಿಲ್ಲ, ಇನ್ನೊಬ್ಬ ಕೂಲಿಯವರ ಮನೆ, ಎಂದು ನಾನು ಟ್ರೆಂಟ್ ಅವರಿಗೆ ಗಟ್ಟಿಯಾಗಿಯೇ ಹೇಳಿದೆ. ಅವರು ತಲೆ ತಗ್ಗಿಸಿ, ಸೆನೆಟರ್ ತಮ್ಮ ಬಳಿ ಬರುತ್ತದೇನೋ ಎಂದು ಕೈ ಚಾಚಿದರು. ಅದು ಬರಲಿಲ್ಲ.

ಬೆರ್ನೀಸ್ ಕರೆ ಮಾಡಿ ಕೊಯ್ಲಿನ ಮೇಸ್ತ್ರಿಗೂ ಡೆಪ್ಯೂಟಿಯವರಿಗೂ ತಿಳಿಸಿದರು. ಓಪಲ್ ಅವರು 11.40ಕ್ಕೆ ಮೇಸ್ತ್ರಿಯ ವಾಹನದಲ್ಲಿ ಬಂದರು. ಮೊಣಕಾಲಿನವರೆಗೆ ಕೆಸರಿತ್ತು. ಟ್ರಕ್ಕನ್ನೂ ನೋಡಲಿಲ್ಲ, ಟ್ರೆಂಟ್ ಅವರನ್ನೂ ನೋಡಲಿಲ್ಲ. ನೇರವಾಗಿ ಹಿಂದಕ್ಕೆ ಹೋಗಿ ಬಗ್ಗಿ, ಜಾಕ್ ಎದ್ದು ಮತ್ತೆ ಇಳಿದ ಹೊಸ ಗುರುತನ್ನು ನೆಲದಲ್ಲಿ ನೋಡಿದರು.

"ಎಡ ಹಿಂದಿನದನ್ನ ಯಾರು ಎಬ್ಬಿಸಿದ್ದು?" ಎಂದು ಕೇಳಿದರು.

ಮೂರು ವರ್ಷದಿಂದ ಆ ಜಾಕ್ ಮನಸ್ಸು ಬಂದರೆ ಇಳಿಯುತ್ತಿತ್ತು, ಏಳುವಾಗ ಹಟ ಹಿಡಿಯುತ್ತಿತ್ತು. ಪ್ರತಿ ಸಲ ಜಾಗ ಬಿಡುವಾಗ ಓಪಲ್ ಅವರು ಹೊಟ್ಟೆಯ ಮೇಲೆ ತೆವಳಿ ಹೋಗಿ ಕೈಯಿಂದ ವಾಲ್ವ್ ತಿರುಗಿಸುತ್ತಿದ್ದರು. ಇನ್ನು ದೇಹ ಕೇಳುವುದಿಲ್ಲ, ಈ ಕೊಯ್ಲು ಮುಗಿದ ಮೇಲೆ ಟ್ರೇಲರ್ ಮಾರಿ ತಂಗಿಯ ಮನೆಯ ನೆಲಮಾಳಿಗೆಗೆ ಹೋಗುವುದೆಂದು ನಿರ್ಧರಿಸಿದ್ದರಂತೆ. ನಾನು ಗುಂಡಿ ತೋರಿಸಿದೆ. ಅವರೇ ಒತ್ತಿದರು. ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಐದನೆಯ ಸಲ ಒತ್ತುವಾಗ ಅವರು ಅಳುತ್ತಲೂ ನಗುತ್ತಲೂ ಇದ್ದರು. ಸೆನೆಟರ್ ಒಳಗಿನಿಂದ ಜೋರಾಗಿ ಆಕ್ಷೇಪಿಸಿತು.

"ಹಾಳಾಗಿ ಹೋಗಲಿ ಆ ನೆಲಮಾಳಿಗೆ. ಚಳಿಗಾಲ ಕಳೆಯೋಕೆ ನಾನು ಬೆಚ್ಚಗಿನ ಅರಿಜೋನಾಕ್ಕೆ ಹೊರಟೆ" ಎಂದರು.

ಕಾಫಿ ಓಪಲ್ ಅವರೇ ಮಾಡಿದರು. ಪ್ರಯಾಣದಲ್ಲಿ ಒಡೆಯದಂತೆ ಕಪ್ಪುಗಳನ್ನು ಓವನ್ನಿನೊಳಗೆ ಟವೆಲ್ ಸುತ್ತಿ ಇಟ್ಟಿದ್ದರು. ಮೊದಲ ಕಪ್ ಡೆಲ್ಮರ್ ಅವರಿಗೆ, ಎರಡನೆಯದು ಬೆರ್ನೀಸ್ ಅವರಿಗೆ, ಮೂರನೆಯದು ನನಗೆ. ನಾಲ್ಕನೆಯದನ್ನು ಓಪಲ್ ಅವರು ಹಿಡಿದುಕೊಂಡು ಟ್ರೆಂಟ್ ಮುಂದೆ ನಿಂತರು.

"ಪೈಪಿನ ತುಂಡು ತೊಡಿಸಿದ್ದು ನೀನೇನಾ?"

"ಹೌದಮ್ಮಾ."

"ಕಳ್ಳ ನನ್ನ ಮಗನೇ, ಒಳ್ಳೆ ಕೆಲಸ ಮಾಡಿದೀಯ" ಎಂದು ಕಪ್ ಕೈಗಿತ್ತರು.

11.58ಕ್ಕೆ ಬಂದ ಡೆಪ್ಯೂಟಿಯವರಿಗೆ ಐದನೆಯ ಕಪ್ ಸಂದಿದೆ. ಅವರು ಇನ್ನೊಮ್ಮೆಯೂ ಹಾಕಿಸಿಕೊಂಡರು.

ಯಾಕೆ ಸಹಾಯ ಮಾಡಿದಿರಿ ಎಂಬ ಪ್ರಶ್ನೆಗೆ ಉತ್ತರ ಇದು: ಜಾಕ್ ಕೂಗುತ್ತಿತ್ತು. ನಾಳೆ ಕೂಗಿದರೂ ಹೋಗುತ್ತೇನೆ. ಮೊದಲು ಬೆಕ್ಕಿನ ಹೆಸರು ಕೇಳುತ್ತೇನೆ, ಅಷ್ಟೇ ವ್ಯತ್ಯಾಸ.

ತಂತಿಯ ಆ ಜೋಡಣೆಯನ್ನು ಸಾಕ್ಷ್ಯವೆಂದು ಕತ್ತರಿಸಿ ಒಯ್ಯಬೇಕಾಗಬಹುದು ಎಂದು ಡೆಪ್ಯೂಟಿಯವರು ಹೇಳಿದ್ದರು. ಓಪಲ್ ಅವರು ಜಾಕಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತ ಮೇಲೆ ಫೋಟೊ ಸಾಕೆಂದು ತೀರ್ಮಾನವಾಗಿದೆ. ಕೆಲಸದ ಪಾಲನ್ನು ಬರೆಯದೆ ನಾನು ಸಹಿ ಹಾಕುವುದಿಲ್ಲ ಎಂದಿದ್ದರಿಂದ ಅದನ್ನೂ ಸೇರಿಸಲು ಒಪ್ಪಲಾಗಿದೆ: ಬ್ಯಾಟರಿ, ನಾನು. ಎಣ್ಣೆ ಸುರಿಯದಂತೆ ತಡೆದದ್ದು, ಡೆಲ್ಮರ್ ಕ್ವಾಮಿ. ಬಾಗಿಲು, ಬೆರ್ನೀಸ್ ತಿಬೊಡೊ. ತಂತಿ, ಟ್ರೆಂಟ್ ವಾಸ್ಕೊ.

ಮೇಲಿನದೆಲ್ಲ ನಾನು ಕಣ್ಣಾರೆ ಕಂಡು, ಕೈಯಾರೆ ಮಾಡಿ, ನನ್ನ ಅಕ್ಷರದಲ್ಲೇ ಬರೆದ ನಿಜ. ಓದಿ ನೋಡಿದ್ದೇನೆ. ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಜಾಗ ಸಂಖ್ಯೆ 32ರ ಅಡುಗೆ ಮೇಜು, ಎಲ್ಮ್‌ಕ್ರೀಕ್. ಮೇಜು ಮಟ್ಟವಾಗಿದೆ.
ದಿನಾಂಕ: ಅಕ್ಟೋಬರ್ 2, ಮಧ್ಯಾಹ್ನ 1.20
ಸಹಿ: ರೊವೆನಾ ಹಾಲ್ವರ್ಸನ್